ಕೂಗಳತೆಯ ನೀರು

ನಕ್ಷೆಯಲ್ಲಿ ನಮ್ಮವ್ವನ ತವರುಕೇರಿ ಹಸಿರಾಗಿದೆ. ಆ ಹಸಿರು ಬಳಿದವಳು ನಾನೇ. ಯಾರೋ ದೂರದವರು ಬಂದು ಬಳಿದುಹೋದರು ಅಂತಿದ್ದರೆ ಬೈಯಲು ನನಗೊಂದು ಹೆಸರು ಸಿಗುತ್ತಿತ್ತು. ಸಿಗಲಿಲ್ಲ. ಹಾಗಾಗಿ ಬೈಗುಳವನ್ನು ನನ್ನಿಂದಲೇ ಶುರು ಮಾಡುತ್ತೇನೆ.

ನನ್ನ ಹೆಸರು ಸಂಘಮಿತ್ರಾ. ಶಹಾಪುರದವಳು. ಅಪ್ಪ ಭೀಮರಾಯ ಕಚೇರಿಯೊಂದರಲ್ಲಿ ಗುಮಾಸ್ತ. ಮನೆಯಲ್ಲಿ ಬುದ್ಧನ ಫೋಟೊ, ಪಕ್ಕದಲ್ಲಿ ಬಾಬಾಸಾಹೇಬರ ಫೋಟೊ, ಅದರ ಕೆಳಗೆ ಸಮಾಜಶಾಸ್ತ್ರದ ನನ್ನ ಎಂ.ಎ. ಸರ್ಟಿಫಿಕೇಟು. ಅಪ್ಪ ಅದಕ್ಕೂ ಕಟ್ಟು ಹಾಕಿಸಿದ್ದಾನೆ. ಎಂ.ಎ. ಮುಗಿಸಿ ಎರಡು ವರ್ಷ ಮನೆಯಲ್ಲಿ ಕೂತೆ. ಆಮೇಲೆ ಯಾದಗಿರಿಯಲ್ಲಿ ಈ ಸಂಶೋಧನೆಯ ಕೆಲಸ ಸಿಕ್ಕಿತು. ಬೆಂಗಳೂರಿನ ಒಂದು ಸಂಸ್ಥೆಯದು. ಶಹಾಪುರ, ಸುರಪುರ ಕಡೆಯ ನಲವತ್ತೆರಡು ಹಳ್ಳಿಗಳ ಕೇರಿಗಳಿಗೆ ಹೋಗಬೇಕು. ಕುಡಿಯುವ ನೀರು ಎಲ್ಲಿದೆ, ಎಷ್ಟು ದೂರ ಇದೆ ಎಂದು ಕೇಳಬೇಕು. ಕೇರಿಯ ನಡುವೆ ನಿಂತು ಮೊಬೈಲು ಒತ್ತಿದರೆ ನಕ್ಷೆಯ ಮೇಲೆ ಒಂದು ಚುಕ್ಕೆ ಬೀಳುತ್ತದೆ. ನೀರಿನ ಹತ್ತಿರ ನಿಂತು ಒತ್ತಿದರೆ ಇನ್ನೊಂದು ಚುಕ್ಕೆ. ಎರಡರ ನಡುವೆ ಗೆರೆ ತಾನಾಗಿ ಎಳೆದುಕೊಳ್ಳುತ್ತದೆ. ಗೆರೆ ಇನ್ನೂರು ಮೀಟರಿನ ಒಳಗಿದ್ದರೆ ಕೇರಿ ಹಸಿರು. ಅರ್ಧ ಕಿಲೋಮೀಟರಿನ ಒಳಗಿದ್ದರೆ ಹಳದಿ. ಅದನ್ನೂ ಮೀರಿದರೆ ಕೆಂಪು. ಕೆಂಪು ಕೇರಿಗಳಿಗೆ ಒಂದು ಟ್ರಸ್ಟಿನವರು ಸಿಹಿನೀರಿನ ಪೈಪು ಎಳೆಸಿ ಕರಿ ಟಾಕಿ ಕೂಡಿಸಿಕೊಡುವ ಮಾತಾಗಿತ್ತು.

ಕಲ್ಲಮರಡಿ ಹದಿನೇಳನೆಯ ಹಳ್ಳಿ. ಕೆಂಭಾವಿಯಲ್ಲಿ ಬಸ್ಸಿಳಿದು ಆಟೋದಲ್ಲಿ ಹನ್ನೊಂದು ಮಂದಿಯ ನಡುವೆ ತೂರಿಕೊಂಡರೆ ಅರ್ಧ ತಾಸಿನ ದಾರಿ. ಅವ್ವ ನಾನು ನಾಲ್ಕನೆಯ ಇಯತ್ತೆಯಲ್ಲಿದ್ದಾಗಲೇ ತೀರಿಕೊಂಡಳು. ಈಗ ಅಲ್ಲಿರುವವರು ಅವ್ವನ ತಾಯಿ ಲಾಲಮ್ಮಾಯಿ, ಮಾಮ ಹುಲಗಪ್ಪ, ಅತ್ತಿ ರೇಣಮ್ಮ. ಸ್ವಂತ ನಂಟಸ್ತಿಕೆಯ ಊರಿಗೆ ಬೇರೆಯವರನ್ನು ಕಳಿಸುತ್ತೇವೆ ಎಂದು ಆಫೀಸಿನಲ್ಲಿ ಅಂದರು. ನಾನು ಜಗಳ ತೆಗೆದೆ. ನನ್ನ ಮಂದಿಯ ಮಾತು ನನಗಿಂತ ಚೆನ್ನಾಗಿ ಯಾರಿಗೆ ತಿಳಿಯುತ್ತದೆ ಅಂದೆ. ಎಂಥ ಸೊಕ್ಕು ಅಂತ ಈಗ ಅನ್ನಿಸುತ್ತದೆ.

ಆ ದಿನ ಆಯಿಯ ಮನೆಯ ಮುಂದೆ ಆರೇಳು ಮಂದಿ ಹೆಂಗಸರು ಕೂತಿದ್ದರು. ಕೇರಿಯಲ್ಲಿ ಕೈಪಂಪು ಇದೆ. ಅದರ ನೀರು ಸವಳು. ಕುಡಿದ ಹುಡುಗರ ಹಲ್ಲು ಕಂದು ಹಿಡಿದಿವೆ, ದೊಡ್ಡವರ ಮೊಣಕಾಲು ಸೊಟ್ಟಗಾಗಿವೆ. ಎರಡು ವರ್ಷದ ಹಿಂದೆ ಮನೆ ಮುಂದೆ ನಲ್ಲಿ ನಿಲ್ಲಿಸಿ ಹೋಗಿದ್ದಾರೆ, ಒಂದು ಹನಿ ಬಿದ್ದಿಲ್ಲ, ಅವುಗಳ ಮೇಲೆ ಲಂಗೋಟಿ ಒಣಹಾಕುತ್ತಾರೆ. ಕುಡಿಯುವ ನೀರು ಹಣಮಪ್ಪನ ಗುಡಿಯ ಬಗಲಿನ ಹಿರೇಬಾವಿಯದು. ಅದೊಂದೇ ಸಿಹಿನೀರು.

"ಬಾವಿ ಎಷ್ಟು ದೂರ ಆಗ್ತದ ಆಯಿ?" ಅಂತ ಕೇಳಿದೆ.

"ಕೂಗಳತಿ ಅದ ಮಗಳ," ಅಂದಳು ಆಯಿ.

ಹೆಂಗಸರು ಕಿಸಕ್ಕನೆ ನಕ್ಕರು. ರೇಣಮ್ಮತ್ತಿ ಸೆರಗು ಬಾಯಿಗಿಟ್ಟುಕೊಂಡು, "ಇವತ್ತಿನ ಅಳತಿ ಎಷ್ಟಾತಬೇ ಅತ್ತಿ?" ಅಂದಳು.

"ನಲವತ್ತು."

"ನಲವತ್ತು ಮಾರಾ?" ಅಂತ ನಾನು ಕೇಳಿದೆ. ಮಾರು ಎಂದರೆ ಎರಡು ಕೈ ಅಗಲಿಸಿದಷ್ಟು ಎಂದು ಓದಿ ತಿಳಿದಿದ್ದವಳು. ಆಗಂತೂ ನಗು ತಡೆಯಲಿಲ್ಲ. ಒಬ್ಬಳು ಕಣ್ಣೊರಸಿಕೊಂಡಳು. "ಹೌದವ್ವ, ಮಾರೇ ಅಂತ ಬರ್ಕೋ," ಅಂದಳು. ನಾನೂ ನಕ್ಕೆ. ಯಾಕೆ ನಗುತ್ತಿದ್ದಾರೆಂದು ಗೊತ್ತಿಲ್ಲದೆ ಅವರ ಜೊತೆ ಹಲ್ಲು ಕಿಸಿದೆ.

ಬಾವಿಯ ಚುಕ್ಕೆ ಒತ್ತಲು ಅತ್ತಿ ನನ್ನನ್ನು ಕರೆದುಕೊಂಡು ಹೋದಳು. ಎದುರಿಗೇ ಗುಡಿ ಕಾಣುತ್ತಿತ್ತು. ಆದರೂ ಅವಳು ಹಳ್ಳದ ದಂಡೆ ಹಿಡಿದು ಸುತ್ತು ಹಾಕಿಸಿದಳು. "ಈ ಕಡೆ ನೆಳ್ಳದ ಬಾ" ಅಂದಳು. ಮಟಮಟ ಮಧ್ಯಾಹ್ನ, ಬಾವಿಯ ಹತ್ತಿರ ಒಂದು ನರಪಿಳ್ಳೆ ಇರಲಿಲ್ಲ. ಮೇಲೆ ಕಟ್ಟೆ, ಗಡಗಡಿಯ ರಾಟೆ, ಹಗ್ಗ. ಮೂರು ಮೆಟ್ಟಿಲು ಕೆಳಗೆ ಒಂದು ಚಪ್ಪಟೆ ಬಂಡೆ. ಕಾಲು ತಾಗಿ ತಾಗಿ ಅದು ನುಣ್ಣಗಾಗಿತ್ತು. ಕೂತು ಹರಟೆ ಹೊಡೆಯಲು ಒಳ್ಳೆಯ ಜಾಗ ಅಂದುಕೊಂಡೆ. ಆ ಬಂಡೆಯ ಮೇಲೆ ನಿಂತು ಒತ್ತಿದೆ. ನೂರಾ ಅರವತ್ತು ಮೀಟರು ಎಂದು ತೋರಿಸಿತು. ಒಂದು ಕೂಗಳತೆ ಅಂದರೂ ಹೆಚ್ಚುಕಡಿಮೆ ಅಷ್ಟೇ ಅಲ್ಲವೆ? ಆಯಿಯ ಮಾತೂ ಉಪಗ್ರಹದ ಮಾತೂ ಒಂದೇ ಆಯಿತು ಎಂದು ಹಿಗ್ಗಿದೆ. ಟಿಪ್ಪಣಿಯ ಜಾಗದಲ್ಲಿ 'ಕೂಗಳತೆ' ಎಂದು ಬರೆದೆ.

ಯಾದಗಿರಿಗೆ ಬಂದ ಮೇಲೆ ಅನುರಾಧಾ ಮೇಡಂ ಅದನ್ನು ಓದಿದರು. ಅವರು ಈ ಸಂಶೋಧನೆಗೆ ಹಿರಿಯರು, ತಿಂಗಳಿಗೊಮ್ಮೆ ಬೆಂಗಳೂರಿನಿಂದ ಬರುತ್ತಾರೆ. ಕೆಟ್ಟವರಲ್ಲ. ನಮ್ಮ ಜೊತೆ ನೆಲದ ಮೇಲೆ ಕೂತು ರೊಟ್ಟಿ ತಿನ್ನುತ್ತಾರೆ.

"ಎಂಥಾ ಪದ ಸಂಘಮಿತ್ರಾ! ಎಲ್ಲಿ ಸಿಕ್ಕಿತು ಇದು? ಜನ ತಮ್ಮ ದನಿಯಿಂದ ದೂರ ಅಳೀತಾರೆ ಅಂದ್ರೆ! ನಮ್ಮ ವರದಿಗೆ ಇದೇ ಹೆಸರು ಇಡೋಣ. ಕೂಗಳತೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ರೋಮಾಂಚನವಾಯಿತು. ಅಪ್ಪನಿಗೆ ಫೋನು ಮಾಡಿ ಹೇಳಿದೆ. ಅಪ್ಪ "ಆಯಿ ಹಂಗಂದ್ಳಾ?" ಎಂದು ಕೇಳಿ, "ಛಲೋ ಆತು ಬಿಡು" ಅಂದ. ಆ ಪ್ರಶ್ನೆಯೊಳಗಿದ್ದದ್ದು ನನಗೆ ಆಗ ಕೇಳಿಸಲಿಲ್ಲ.

ಮೂರು ತಿಂಗಳಿಗೆ ಹುಲಗಪ್ಪ ಮಾಮನ ಫೋನು ಬಂತು.

"ಸಂಘಿ, ಟಾಕಿ ಕೂಡ್ಸೋ ಮಂದಿ ಬಂದಿದ್ರು. ನಿಮ್ದು ಹಸರು ಅದ ಅಂದ್ರು. ಹಸರು ಅಂದ್ರ ಛಲೋ ಅಂತ ನಾ ತಿಳ್ಕೊಂಡೆ ನೋಡು. ಖುಷಿಲಿ ಛಾ ಕುಡಿಸಿ ಕಳಿಸೀನಿ. ಆಮ್ಯಾಲ ಕೇಳಿದ್ರ, ಹಸರು ಇದ್ದವ್ರಿಗಿ ಟಾಕಿ ಇಲ್ಲಂತ. ನೀರು ಬಗಲಾಗೇ ಅದಂತ ನಮಗ. ನೀನೇ ಬರ್ದೀಯಂತಲ್ಲವ್ವ?"

"ನೂರಾ ಅರವತ್ತು ಮೀಟರೇ ಅದಲ್ಲ ಮಾಮಾ? ಕೂಗಳತಿ ಅಂತ ಆಯೀನೇ ಹೇಳ್ಯಾಳ."

ಮಾಮ ಬೈಯಲಿಲ್ಲ. ಬೈದಿದ್ದರೆ ನಾನೂ ತಿರುಗಿ ಮಾತಾಡುತ್ತಿದ್ದೆ. "ಒಮ್ಮಿ ಬಾರವ್ವ. ಮುಂಜಾನಿ ಹೊತ್ತು ಬಾ. ಬಂದು ನೋಡು," ಅಂದು ಫೋನಿಟ್ಟ.

ಹೋದೆ. ಹಿಂದಿನ ಸಂಜೆಯೇ ಹೋಗಿ ಅಲ್ಲೇ ಮಲಗಿದೆ. ಆಯಿಯ ಮನೆಯಲ್ಲಿ ನಾನು ಉಳಿದದ್ದು ಅದೇ ಮೊದಲು. ಸಣ್ಣವಳಿದ್ದಾಗ ಬೆಳಿಗ್ಗೆ ಬಂದು ಸಂಜೆಗೆ ಹೊರಟುಬಿಡುತ್ತಿದ್ದೆವು. ಬರುವಾಗಲೆಲ್ಲ ಅಪ್ಪ ಶಹಾಪುರದಿಂದ ಎರಡು ಕ್ಯಾನು ನೀರು ಹೊತ್ತು ತರುತ್ತಿದ್ದ. ನನ್ನ ಹೊಟ್ಟೆ ನಾಜೂಕು, ಅದಕ್ಕೆ ತರುತ್ತಾನೆ ಎಂದುಕೊಂಡಿದ್ದೆ.

ಬೆಳಕು ಹರಿಯುವ ಮುಂಚೆ ಮಾಮ, ಅತ್ತಿ ಹತ್ತಿ ಬಿಡಿಸಲು ಟಂಟಂ ಗಾಡಿ ಏರಿ ಹೋದರು. ಕೇರಿಯ ದುಡಿಯುವ ಮಂದಿಯೆಲ್ಲ ಹೋದರು. ಉಳಿದವರು ಮುದುಕಿಯರು. ನೀರಿನ ಕೆಲಸ ಮುದುಕಿಯರದು. ಆಯಿ ತಾಮ್ರದ ಕೊಡ ತೊಳೆದು ಸೊಂಟಕ್ಕಿಟ್ಟುಕೊಂಡಳು. ಹಳ್ಳದ ದಂಡೆ ಹಿಡಿದಳು.

"ಗುಡಿ ಮುಂದಿಂದ ಹೋದ್ರ ಜಲ್ದಿ ಆಗ್ತದಲ್ಲ ಆಯಿ," ಅಂದೆ.

"ಆ ಹಾದಿ ನಮ್ದಲ್ಲ ಮಗಳ."

ಸೊಟ್ಟ ಮೊಣಕಾಲು ಎತ್ತಿ ಎತ್ತಿ ಇಡುತ್ತ ಕಾಲು ತಾಸು ನಡೆದಳು. ಬಾವಿಯ ಹತ್ತಿರ ಬಂದು ಕೆಳಗಿನ ಬಂಡೆಯ ಮೇಲೆ ನಿಂತಳು. ನಾನು ಚುಕ್ಕೆ ಒತ್ತಿದ್ದ ಅದೇ ಬಂಡೆ. ಮೇಲೆ ಕಟ್ಟೆಯ ಮೇಲೆ ಊರಿನ ಇಬ್ಬರು ಹೆಂಗಸರು ನೀರು ಸೇದುತ್ತಿದ್ದರು. ಆಯಿ ಕೊಡ ಕೆಳಗಿಟ್ಟು ಸೆರಗು ತಲೆಗೆ ಎಳೆದುಕೊಂಡು ಕೂಗಿದಳು.

"ನೀರು ನೀಡ್ರೀ ಯವ್ವಾ..."

ಅವರು ತಿರುಗಿ ನೋಡಲಿಲ್ಲ. ಆಯಿ ಮತ್ತೆ ಕೂಗಿದಳು. "ನೀರು ನೀಡ್ರೀ ಯವ್ವಾ..." ಅವರು ತಮ್ಮ ಕೊಡ ತುಂಬಿಕೊಂಡು ಸೊಸೆಯ ಬಾಣಂತನದ ಮಾತಾಡುತ್ತ ಹೋದರು. ಇನ್ನೊಬ್ಬಳು ಬಂದಳು. ಅವಳೂ ಹೋದಳು. ಆಯಿ ಕೂಗುತ್ತಲೇ ಇದ್ದಳು. ಬಂಡೆಯ ಮೇಲೆ ಇನ್ನೂ ನಾಲ್ಕು ಮುದುಕಿಯರು ಬಂದು ನಿಂತರು. ಅವರು ಕೂಗಲಿಲ್ಲ. ಅವರಲ್ಲಿ ಒಬ್ಬಳು ನನಗೆ ಮೆಲ್ಲಗೆ ಹೇಳಿದಳು: "ಲಾಲಮ್ಮನ ದನಿ ಗುಡಿ ದಾಟಿ ಹೋಗ್ತದವ್ವ. ನಮ್ದು ಅಲ್ಲೀತನ ಮುಟ್ಟಂಗಿಲ್ಲ. ಅದಕ್ಕ ಎಲ್ಲಾರ ಪಾಲಿಂದೂ ಆಕೀನೇ ಕೂಗ್ತಾಳ."

ಆಯಿಯ ದನಿ ಒಡೆದಿತ್ತು. ನಾನು ಹುಟ್ಟಿದಾಗಿನಿಂದ ಅದೇ ಒಡಕು ದನಿಯಲ್ಲಿ ಅವಳು ನನ್ನನ್ನು ಕರೆದಿದ್ದಳು. ತಂಬಾಕಿನಿಂದ ಹಾಗಾಗಿದೆ, ಬಿಡು ಆಯಿ, ಬಿಡು ಆಯಿ ಎಂದು ನಾನು ಅವಳಿಗೆ ಬುದ್ಧಿ ಹೇಳುತ್ತಿದ್ದೆ. ಅವಳು ನಗುತ್ತಿದ್ದಳು.

ಮೂವತ್ತೊಂದು. ಮೂವತ್ತೆರಡು. ನನಗೆ ಗೊತ್ತಿಲ್ಲದೆ ಎಣಿಸುತ್ತಿದ್ದೆ. ನಲವತ್ತಕ್ಕೆ ಬಂದಾಗ ತಲೆಗೆ ಬಡಿದಂತಾಯಿತು. ಇವತ್ತಿನ ಅಳತಿ ಎಷ್ಟಾತಬೇ ಅತ್ತಿ? ನಲವತ್ತು. ಮಾರಾ ಎಂದು ಕೇಳಿದ್ದೆನಲ್ಲ ನಾನು! ಅವರು ಯಾಕೆ ನಕ್ಕರು, ಯಾಕೆ ಕಣ್ಣೊರಸಿಕೊಂಡರು ಎಂದು ಆಗ ತಿಳಿಯಿತು.

ನಲವತ್ತಾರನೆಯ ಕೂಗಿಗೆ ಆಯಿಯ ದನಿ ನಿಂತುಹೋಯಿತು. ಬಾಯಿ ತೆರೆದಳು. ಗಾಳಿ ಮಾತ್ರ ಬಂತು. ಅವಳು ನನ್ನ ಕಡೆ ನೋಡಿದಳು. ಕೂಗು ಅಂತ ಹೇಳಲಿಲ್ಲ. ಆದರೂ ನಾನು ಕೂಗಿದೆ. "ನೀರು ನೀಡ್ರೀ ಯವ್ವಾ" ಅಂದೆ. ಕಟ್ಟು ಹಾಕಿಸಿದ ಸರ್ಟಿಫಿಕೇಟಿನ ಎಂ.ಎ. ಓದಿದವಳು ಆ ಬಂಡೆಯ ಮೇಲೆ ನಿಂತು ಹನ್ನೊಂದು ಸಲ ಕೂಗಿದೆ. ನಾಚಿಕೆಯಿಂದ ಮೈ ಬೆಂಕಿಯಾಯಿತು. ಹನ್ನೊಂದನೆಯ ಸಲಕ್ಕೆ ಒಬ್ಬಳು ಕಟ್ಟೆಯ ಅಂಚಿಗೆ ಬಂದಳು.

"ಯಾರಬೇ ಲಾಲಮ್ಮ ಈಕಿ? ಹೊಸ ದನಿ ಕೇಳ್ತು?"

ಆಯಿ ಕೈಸನ್ನೆಯಲ್ಲಿ ಮೊಮ್ಮಗಳು ಅಂದಳು. ಮೇಲಿನವಳು ಅಷ್ಟೆತ್ತರದಿಂದಲೇ ಕೊಡದೊಳಗೆ ನೀರು ಸುರಿದಳು. ಅರ್ಧ ಒಳಗೆ ಬಿತ್ತು, ಅರ್ಧ ನಮ್ಮ ಮೈಮೇಲೆ ಬಿತ್ತು. ನಾವು ಹಿಂದೆ ಸರಿಯಬಾರದು. ಸರಿದರೆ ಅದೂ ಸಿಗುವುದಿಲ್ಲ.

ವಾಪಸು ಬರುವಾಗ ಕೊಡ ನಾನು ಹೊತ್ತೆ. ಕಾನೂನು ಇದೆ, ಪೊಲೀಸರಿದ್ದಾರೆ, ಯಾಕೆ ಸುಮ್ಮನಿದ್ದೀರಿ ಎಂದು ದಾರಿಯುದ್ದಕ್ಕೂ ಅವಳ ಮೇಲೆ ಹರಿಹಾಯ್ದೆ. ಆಯಿ ಮನೆಗೆ ಬಂದು ಒಂದು ಗುಟುಕು ಕುಡಿದು, ಪಿಸುದನಿಯಲ್ಲಿ ಹೇಳಿದಳು:

"ಕೇಸ್ ಮಾಡಿದ್ರ ಹತ್ತಿ ಬಿಡ್ಸಾಕ ಯಾರ್ ಕರೀತಾರ? ಹೊಲ ಅವ್ರವು, ಬಾವಿ ಅವ್ರದು. ಇರ್ಲಿ ಬಿಡು. ನಾ ಕಮ್ಮಿ ಕುಡೀತೀನಿ. ಕಮ್ಮಿ ಕುಡದ್ರ ಕಮ್ಮಿ ಕೂಗು."

ಯಾದಗಿರಿಗೆ ಬಂದವಳು ನೇರ ಹಣಮೇಶಣ್ಣನ ಮುಂದೆ ಕೂತೆ. ನಕ್ಷೆ ತಯಾರಿಸುವವನು ಅವನೇ. ಗೋಗಿ ಕಡೆಯ ಕುರಿ ಸಾಕುವವರ ಮನೆಯಿಂದ ಬಂದವನು. ಅವನಿಗೆಲ್ಲ ಹೇಳಿದೆ. ಅವನು ಕಂಪ್ಯೂಟರಿನಲ್ಲಿ ಕಲ್ಲಮರಡಿ ತೆರೆದ. ಕೇರಿಯ ಚುಕ್ಕೆ, ಬಾವಿಯ ಚುಕ್ಕೆ, ನಡುವೆ ಗೆರೆ. ಗೆರೆ ಗುಡಿಯ ಅಂಗಳದ ಮೇಲಿಂದ ನೆಟ್ಟಗೆ ಹೋಗಿತ್ತು. ನಮ್ಮ ಕೇರಿಯವರು ಹುಟ್ಟಿದಾಗಿನಿಂದ ಕಾಲಿಡದ ಅಂಗಳ.

"ಇದನ್ನ ಕೆಂಪು ಮಾಡಣ್ಣ."

"ಸುಮ್ ಸುಮ್ನ ಬಣ್ಣ ಬದಲಾಗಂಗಿಲ್ಲ ತಂಗಿ. ನಡುವ ಏನರ ಅಡ್ಡ ಇದ್ರ ಗೆರಿ ಸುತ್ತಿ ಹೋಗ್ತದ, ಆಗ ದೂರ ಹೆಚ್ಚಾಗ್ತದ. ಹೊಳಿ ಇದ್ರ ಅಡ್ಡ ಹಾಕ್ಬಹುದು. ರೈಲು ಹಳಿ ಇದ್ರ ಹಾಕ್ಬಹುದು. ಗೋಡಿ ಇದ್ರ ಹಾಕ್ಬಹುದು. ಇದಕ್ಕ ಏನಂತ ಹಾಕ್ಲಿ?"

ಹಾಗೆ ಕೇಳಿದವನೇ ಮೌಸು ಹಿಡಿದು ಗುಡಿಯ ಅಂಗಳದ ಅಡ್ಡಕ್ಕೆ ಒಂದು ಕಪ್ಪು ಗೆರೆ ಎಳೆದ. ಅದರ ಮೇಲೆ 'ಗೋಡೆ' ಎಂದು ಬರೆದ. ಕೇರಿ ಕೂಡಲೇ ಹಸಿರು ಕಳೆದು ಹಳದಿಯಾಯಿತು. ಬಾವಿಯ ಸುತ್ತಲೂ ಇನ್ನೊಂದು ಗೋಡೆ ಎಳೆದ. ಈಗ ಬಾವಿಗೆ ದಾರಿಯೇ ಇರಲಿಲ್ಲ. ಕೇರಿ ಕೆಂಪಾಯಿತು. ಹಣಮೇಶಣ್ಣ ಸುಳ್ಳು ಬರೆದಿದ್ದ. ಆ ನಕ್ಷೆಯಲ್ಲಿ ಖರೆಯಾಗಿದ್ದದ್ದು ಅದೊಂದೇ.

ಎಂಟು ದಿನಕ್ಕೆ ಬೆಂಗಳೂರಿನಿಂದ ತಿದ್ದುಪಡಿ ಬಂತು. ಅಲ್ಲಿ ಪರಿಶೀಲನೆಗೆ ಕೂತವರು ಉಪಗ್ರಹದ ಚಿತ್ರ ಹಿಗ್ಗಿಸಿ ನೋಡಿದ್ದರು. 'ಈ ಸ್ಥಳದಲ್ಲಿ ಗೋಡೆ ಕಾಣಿಸುತ್ತಿಲ್ಲ, ಅಳಿಸಲಾಗಿದೆ' ಎಂದು ಬರೆದಿದ್ದರು. ಹಣಮೇಶಣ್ಣನಿಗೆ ಎಚ್ಚರಿಕೆಯ ಪತ್ರ. ಕೇರಿ ಮತ್ತೆ ಹಸಿರು.

ಅನುರಾಧಾ ಮೇಡಂ ಬಂದಾಗ ನಾನು ಬಾಯಿಗೆ ಬಂದಂತೆ ಮಾತಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಅವರ ಕಣ್ಣು ಒದ್ದೆಯಾಯಿತು. ನಾನು ಅದನ್ನು ಸುಳ್ಳು ಅನ್ನುವುದಿಲ್ಲ.

"ನಂಗೆ ಅರ್ಥ ಆಗುತ್ತೆ ಕಣಮ್ಮ. ಆದ್ರೆ ನಾವು ಅಳೆದಿದ್ದು ದೂರ. ದೂರ ಸರಿಯಾಗೇ ಇದೆ ಅಲ್ವಾ? ಈಗ ಒಂದು ಹಳ್ಳಿಗೆ ಅಂತ ಅಳತೆ ಬದಲಾಯಿಸಿದ್ರೆ ನಲವತ್ತೆರಡೂ ಹಳ್ಳಿದು ಬಿದ್ದುಹೋಗುತ್ತೆ. ಮುಂದಿನ ವರ್ಷದ ಸರ್ವೇಲಿ ಈ ಪ್ರಶ್ನೆ ಖಂಡಿತ ಸೇರಿಸೋಣ."

"ಮುಂದಿನ ವರ್ಷದ ತನಕ ನಮ್ಮಾಯಿ ಕೂಗ್ತಾ ನಿಂದರಬೇಕಾ ಮೇಡಂ?"

ಅವರು ನನ್ನ ಕೈ ಹಿಡಿದುಕೊಂಡರು. "ಲಾಲಮ್ಮ ಅವರ ಕಥೆ ವರದಿಯಲ್ಲಿ ಬರಲೇಬೇಕು. ಅವರ ಮಾತು ಒಂದು ಪುಟ ಹಾಕೋಣ. ಮುಖಪುಟಕ್ಕೂ ಅವರ ಫೋಟೋನೇ ಇರಲಿ. ಕೂಗಳತೆ ಅನ್ನೋ ಹೆಸರಿಗೆ ಅದಕ್ಕಿಂತ ಬೇರೆ ಬೇಕಾ?" ಅಂದರು. ಒಪ್ಪಿಗೆ ಪತ್ರದ ನಮೂನೆ ಕೊಟ್ಟರು. ಆಯಿಯ ಹೆಬ್ಬೆಟ್ಟು ಹಾಕಿಸಿಕೊಂಡು ಬರಬೇಕು. ನಾನು ಅದನ್ನು ಅಲ್ಲೇ ಹರಿದು ಬಿಸಾಡಬೇಕಿತ್ತು. ಮಡಿಸಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ಸಂಬಳದ ಕೆಲಸ ಬಿಡಲು ಧೈರ್ಯ ಬೇಕು, ನನಗಿರಲಿಲ್ಲ.

ಮಾರ್ಚಿನಲ್ಲಿ ಆಯಿಯ ದನಿ ಪೂರ್ತಿ ಹೋಯಿತು. ಲಾಲಮ್ಮನ ದನಿ ಹೋದ ಮೇಲೆ ಉಳಿದ ಮುದುಕಿಯರು ಸರತಿಯ ಮೇಲೆ ಕೂಗಿದರು. ಎಂಬತ್ತು, ನೂರು ಕೂಗಿಗೆ ಒಂದು ಕೊಡ. ತನ್ನ ಸಲುವಾಗಿ ಇನ್ನೊಬ್ಬರು ಕೂಗುತ್ತಾರಲ್ಲ ಎಂದು ಆಯಿ ನೀರು ಇನ್ನೂ ಕಡಿಮೆ ಮಾಡಿದಳು. ಸವಳು ನೀರು ಕುಡಿದರೆ ವಾಂತಿ. ಏಪ್ರಿಲಿನ ಬಿಸಿಲಿನಲ್ಲಿ ದಿನಕ್ಕೆ ಒಂದು ತಂಬಿಗೆ ಕುಡಿದು ಬದುಕಿದಳು. ಒಂದು ದಿನ ಏಳಲಿಲ್ಲ. ಕೆಂಭಾವಿಗೆ ಹೊತ್ತುಕೊಂಡು ಹೋದರು. ಮೂತ್ರಪಿಂಡ ಎರಡೂ ಹೋಗಿವೆ, ಈ ಮುದುಕಿಗೆ ನೀರೇ ಕೊಟ್ಟಿಲ್ಲವೇನು ನೀವು ಎಂದು ಡಾಕ್ಟರು ಮಾಮನಿಗೆ ಬೈದರಂತೆ. ಕಲಬುರಗಿಗೆ ಒಯ್ಯಿರಿ ಅಂದರು. ಆಯಿ ಕೈಮುಗಿದು ಮನೆಗೆ ಒಯ್ಯಿರಿ ಎಂದು ಸನ್ನೆ ಮಾಡಿದಳು.

ಅತ್ತಿಯ ಫೋನು ಬಂದ ದಿನ ನಾನು ಮಧ್ಯಾಹ್ನದ ಹೊತ್ತಿಗೆ ಕಲ್ಲಮರಡಿಗೆ ಮುಟ್ಟಿದೆ. ಆಯಿ ಚಾಪೆಯ ಮೇಲಿದ್ದಳು. ತುಟಿ ಬಿರಿದು ರಕ್ತ ಕಟ್ಟಿತ್ತು. ನನ್ನನ್ನು ಗುರುತಿಸಿದಳು. ಬಾಯಿ ಆಡಿಸಿದಳು. ದನಿ ಇಲ್ಲದ ಬಾಯಿಯನ್ನು ನಾನು ಓದಿದೆ. ನೀರು. ಅತ್ತಿ ತಂಬಿಗೆ ಹಿಡಿದಳು. ಆಯಿ ಮುಖ ಹೊರಳಿಸಿದಳು. ಸವಳು.

"ಮುಂಜಾನಿಂದ ಸೀನೀರು ಸಿಕ್ಕಿಲ್ಲವ್ವ," ಅತ್ತಿ ಅಳುತ್ತ ಅಂದಳು. "ನೂರಾ ಇಪ್ಪತ್ತು ಸಾರಿ ಕೂಗಿ ಬಂದೀನಿ. ಯಾರೂ ಬರ್ಲಿಲ್ಲ."

ನಾನು ತಾಮ್ರದ ಕೊಡ ಎತ್ತಿಕೊಂಡೆ. ಹಳ್ಳದ ದಂಡೆ ಹಿಡಿದು ಓಡಿದೆ. ಬಂಡೆಯ ಮೇಲೆ ನಿಂತೆ. ಮಟಮಟ ಮಧ್ಯಾಹ್ನ. ಕಟ್ಟೆಯ ಮೇಲೆ ಯಾರೂ ಇಲ್ಲ. ಬಿಂದಿಗೆ ಕಟ್ಟಿದ ಹಗ್ಗ ಗಡಗಡಿಗೆ ಜೋತುಬಿದ್ದಿತ್ತು. ಕೂಗಲು ಬಾಯಿ ತೆರೆದೆ. ನೀ ಅಂದೆ. ಮುಂದೆ ಬರಲಿಲ್ಲ. ಮೂರೇ ಮೆಟ್ಟಿಲು. ಹತ್ತಿದೆ.

ಹಗ್ಗ ಬಿಸಿಯಾಗಿತ್ತು. ನನಗೆ ಸೇದಿ ರೂಢಿ ಇಲ್ಲ. ಗಡಗಡಿ ಕಿರ್ರೆಂದು ಅರಚಿತು. ಅಂಗೈ ಸುಲಿಯಿತು. ಎರಡು ಬಿಂದಿಗೆ ಸೇದಿದೆ, ಕೊಡ ಮುಕ್ಕಾಲು ತುಂಬಿತು. ಮೂರನೆಯದಕ್ಕೆ ಹಗ್ಗ ಬಿಡುವಾಗ ಎದುರುಮನೆಯ ಬಾಗಿಲು ತೆರೆಯಿತು.

"ಏ! ಯಾರಾಕಿ ಅಕಿ! ಬಾವಿ ಮುಟ್ಯಾಳ! ಲೇ ಬರ್ರೆಲೇ, ಹೊಲಗೇರ್ಯಾಕಿ ಹಗ್ಗ ಹಿಡ್ದಾಳ!"

ಇನ್ನೊಂದು ಬಾಗಿಲು. ಇನ್ನೊಂದು. ನೂರಾ ಇಪ್ಪತ್ತು ಕೂಗಿಗೆ ತೆರೆಯದ ಬಾಗಿಲುಗಳು ಒಂದು ಗಡಗಡಿಯ ಸದ್ದಿಗೆ ತೆರೆದುಕೊಂಡವು. ನಾನು ಕೊಡ ಹೊತ್ತೆ. ಹಳ್ಳದ ದಂಡೆಗೆ ಹೋಗಲಿಲ್ಲ. ಸುತ್ತು ಹಾಕಲು ನನಗೆ ವೇಳೆ ಇರಲಿಲ್ಲ. ಗುಡಿಯ ಅಂಗಳಕ್ಕಿಳಿದು ನೆಟ್ಟಗೆ ನಡೆದೆ. ನಾನೇ ಎಳೆದಿದ್ದ ಗೆರೆ ಅದು. ಅವರು ಹಿಂದಿನಿಂದ ಕೂಗುತ್ತಿದ್ದರು. ಅವ್ವನನ್ನು, ಅಪ್ಪನನ್ನು, ನನ್ನ ಓದನ್ನು ಹಿಡಿದು ಕೂಗಿದರು. ಒಂದು ಕಲ್ಲು ಬೆನ್ನಿಗೆ ಬಿತ್ತು. ನೀರು ತುಳುಕಿತು. ಕೊಡ ಬಿಡಲಿಲ್ಲ.

ಅಂಗಳದ ಅರ್ಧಕ್ಕೆ ಬಂದಿದ್ದೆ. ಆಗ ಎದುರಿನಿಂದ, ಕೇರಿಯಿಂದ, ರೇಣಮ್ಮತ್ತಿಯ ಅಳು ಕೇಳಿಸಿತು. "ಹೋದ್ಯಾ ನನ್ನವ್ವಾ..." ಎಂದು ಎದೆ ಬಡಿದುಕೊಳ್ಳುವ ಅಳು. ಒಂದರ ಹಿಂದೆ ಒಂದು ದನಿ ಸೇರಿತು. ಹಿಂದಿನಿಂದಲೂ ಕೂಗು, ಮುಂದಿನಿಂದಲೂ ಕೂಗು. ಎರಡೂ ಸ್ವಚ್ಛವಾಗಿ ಕೇಳಿಸುತ್ತಿದ್ದವು. ದೂರ ಅಷ್ಟೇ ಇತ್ತು, ಸುಳ್ಳಲ್ಲ. ನಾನು ಓಡಲಿಲ್ಲ. ಓಡಿ ಮಾಡುವುದೇನಿತ್ತು? ನೀರು ಚೆಲ್ಲಬಾರದೆಂದು ನಿಧಾನ ನಡೆದೆ.

ಆಯಿಯ ಬಾಯಿಗೆ ಮೂರು ಗುಟುಕು ಬಿಟ್ಟೆ. ಕಟವಾಯಿಯಿಂದ ಇಳಿದು ಕುತ್ತಿಗೆಗೆ ಬಂತು. ಅವಳನ್ನು ಅದೇ ನೀರಿನಲ್ಲಿ ತೊಳೆದೆವು. ಸಿಹಿನೀರಿನಲ್ಲಿ ಸ್ನಾನ ಅವಳಿಗೆ ಅದು ಮೊದಲನೆಯದು ಎಂದು ಅತ್ತಿ ಹೇಳಿದಳು.

ಬ್ಯಾಗಿನಿಂದ ಒಪ್ಪಿಗೆ ಪತ್ರ ತೆಗೆದೆ. 'ಒಪ್ಪಿಗೆ ಇದೆ', 'ಒಪ್ಪಿಗೆ ಇಲ್ಲ' ಎಂದು ಎರಡು ಚೌಕ ಇದ್ದವು. ಎರಡನೆಯದಕ್ಕೆ ಗುರುತು ಹಾಕಿದೆ. ಕೆಳಗೆ ಬರೆದೆ: 'ಫೋಟೊ ಬೇಡ. ಆ ಪದವೂ ಬೇಡ, ಅದು ನಮ್ಮಾಯಿಯದು, ವಾಪಸು ಕೊಡಿರಿ. ನಾನೂ ನಾಳೆಯಿಂದ ಬರುವುದಿಲ್ಲ.' ಆ ಪತ್ರದ ಫೋಟೊ ತೆಗೆದು ಮೇಡಂಗೆ ಕಳಿಸಿ ಫೋನು ಆರಿಸಿದೆ.

ಹೊತ್ತಿಳಿಯುವ ಮುಂಚೆ ಊರಿನವರು ಬಂದರು. ಹತ್ತಿಪ್ಪತ್ತು ಮಂದಿ. ಮುಂದೆ ಖಂಡಪ್ಪಗೌಡ. ಕೇರಿಯ ಅರ್ಧಕ್ಕರ್ಧ ಮಂದಿ ಅವನ ಹೊಲದಲ್ಲೇ ದುಡಿಯುತ್ತಾರೆ. ಅವನು ಕೇರಿಯೊಳಗೆ ಕಾಲಿಡುವುದಿಲ್ಲ, ಅದು ಅವನ ಮಡಿ. ಕೇರಿಯ ತುದಿಯ ಬೇವಿನ ಮರದ ಹತ್ತಿರ ನಿಂತು ಕೂಗಿದ.

"ಹುಲಗಪ್ಪಾ! ಏ ಹುಲಗ್ಯಾ! ಹೊರಗ ಬಾರಲೇ!"

ಮಾಮ ಗಡಬಡಿಸಿ ಎದ್ದ. ಐವತ್ತು ವರ್ಷದಿಂದ ಆ ದನಿಗೆ ಏಳುತ್ತ ಬಂದ ಕಾಲು. ರೇಣಮ್ಮತ್ತಿ ಅವನ ಧೋತರದ ಚುಂಗು ಹಿಡಿದು ಜಗ್ಗಿದಳು.

"ಕೂಡು."

"ಗೌಡ್ರು ಕರ್ಯಾಕತ್ತಾರ..."

"ಕರೀಲಿ. ಕೂಡು ನೀ."

"ಹುಲಗ್ಯಾ! ಕಿವಿ ಕೇಳಂಗಿಲ್ಲೇನಲೇ?"

ಮನೆಯ ಅಂಗಳದ ತುಂಬ ಕೇರಿಯವರು ಆಯಿಯ ಸುತ್ತ ಕೂತಿದ್ದರು. ಯಾರೂ ಏಳಲಿಲ್ಲ. ಎಲ್ಲರಿಗೂ ಅಂಜಿಕೆ ಇತ್ತು, ನನಗೂ ಇತ್ತು. ನಾಳೆ ಕೂಲಿ ಇರುವುದಿಲ್ಲ, ಕೈಪಂಪಿನ ಹಿಡಿಕೆಯೂ ಇರಲಿಕ್ಕಿಲ್ಲ. ಗೌಡ ಮತ್ತೆ ಕೂಗಿದ. ಮತ್ತೆ. ಅವನ ದನಿ ಏರುತ್ತಿತ್ತು, ಒಡೆಯುತ್ತಿತ್ತು. ಅತ್ತಿ ಆಯಿಯ ತಲೆ ತೊಡೆಯ ಮೇಲಿಟ್ಟುಕೊಂಡು, ಬೆರಳಿನ ಗೆಣ್ಣಿನ ಮೇಲೆ ಹೆಬ್ಬೆರಳು ಸರಿಸುತ್ತಿದ್ದಳು.

ಬೆಳಿಗ್ಗೆ ಬಂಡೆಯ ಮೇಲೆ ನಿಲ್ಲುತ್ತಿದ್ದ ಮುದುಕಿಯೊಬ್ಬಳು ಮೆಲ್ಲಗೆ ಕೇಳಿದಳು, "ಎಷ್ಟಾತಬೇ ರೇಣಮ್ಮ?"

"ಒಂಬತ್ತು," ಅಂದಳು ಅತ್ತಿ. ಕಣ್ಣೀರು ಒರೆಸಿಕೊಳ್ಳಲಿಲ್ಲ. "ನಲವತ್ತು ಆಗ್ಲಿ. ಆಮ್ಯಾಲ ನೋಡಮು."